ಹಾಜರಾತಿ ಚೀಟಿಯ ಹಿಂಬದಿ

ಆ ಸಹಿ ಹಾಕುವಾಗ ನಾನು ಟೀ ಕುಡಿಯುತ್ತಿದ್ದೆ. ಹಾಳೆಯಲ್ಲಿ ಏನಿದೆ ಎಂದು ಓದಲಿಲ್ಲ.

ಮಧುಗಿರಿಯ ಒಂದು ಖಾಸಗಿ ಎಂಬಿಎ ಕಾಲೇಜಿನಲ್ಲಿ ನಾನು ಗ್ರಂಥಪಾಲಕ. ನಮ್ಮಲ್ಲಿ ಪ್ರಾಜೆಕ್ಟ್ ಬರೆಯುವವರು ಮೊದಲು ವಿಷಯದ ಹಾಳೆ ಕೊಡಬೇಕು. ಅದರ ಕೊನೆಯಲ್ಲಿ ‘ಈ ಕಂಪನಿಯ ಹತ್ತು ವರ್ಷದ ಹಣಕಾಸು ಮಾಹಿತಿ ಲಭ್ಯವಿದೆ’ ಎಂಬ ಸಾಲು ಇರುತ್ತದೆ. ಅದಕ್ಕೆ ನನ್ನ ಸಹಿ ಬೀಳಬೇಕು. ಬಿದ್ದ ಮೇಲೆ ವಿಷಯ ಬದಲಾಯಿಸುವಂತಿಲ್ಲ. ಎಲ್ಲರೂ ದೊಡ್ಡ ದೊಡ್ಡ ಕಂಪನಿಗಳನ್ನೇ ಆರಿಸಿಕೊಳ್ಳುತ್ತಾರೆ, ಅವುಗಳ ಲೆಕ್ಕ ಮೊಬೈಲಿನಲ್ಲೇ ಸಿಗುತ್ತದೆ. ಹಾಗಾಗಿ ವರ್ಷಗಟ್ಟಲೆ ನಾನು ಕಣ್ಣುಮುಚ್ಚಿಕೊಂಡು ಸಹಿ ಹಾಕಿದ್ದೆ.

ಅದರ ಫಲ ಒಂದು ಗುರುವಾರ ಬೆಳಿಗ್ಗೆ ನನ್ನ ಮೇಜಿನ ಮುಂದೆ ಬಂದು ನಿಂತಿತು. ಶಿರಾದಿಂದ ಬರುವ ವಿದ್ಯಾರ್ಥಿನಿ. ಮೂವತ್ತೈದು ದಾಟಿದವಳು, ಎರಡು ಮಕ್ಕಳ ತಾಯಿ, ಅಲ್ಲಿನ ಶಾಲೆಯೊಂದರ ಆಫೀಸಿನಲ್ಲಿ ಕೆಲಸ. ಬಾಣಂತನ, ಅತ್ತೆಯ ಕಾಯಿಲೆ, ಕೊರೊನಾ ಅಂತ ನಿಂತು ನಿಂತು ಕೋರ್ಸು ಎಳೆದುಕೊಂಡು ಬಂದಿದ್ದಳು. ಎಲ್ಲ ಪೇಪರೂ ಪಾಸಾಗಿದ್ದವು, ಪ್ರಾಜೆಕ್ಟ್ ಒಂದೇ ಬಾಕಿ. ವಿಶ್ವವಿದ್ಯಾಲಯ ಕೊಡುವ ಗರಿಷ್ಠ ಅವಧಿ ಆ ಸೋಮವಾರ ಸಂಜೆ ನಾಲ್ಕಕ್ಕೆ ಮುಗಿಯುತ್ತಿತ್ತು. ಆಮೇಲೆ ತಂದರೆ ತೆಗೆದುಕೊಳ್ಳುವುದಿಲ್ಲ. ಹಿಂದೆ ಪಾಸಾದ ಪೇಪರುಗಳೂ ಲೆಕ್ಕಕ್ಕಿಲ್ಲ, ಡಿಗ್ರಿಯ ಆಸೆ ಬಿಡಬೇಕಾದದ್ದೇ.

“ಸರ್, ಮೂರು ತಿಂಗ್ಳಿಂದ ಹುಡುಕ್ದೆ. ಕಂಪನಿ ಲೆಕ್ಕ ಎಲ್ಲೂ ಸಿಗ್ತಾ ಇಲ್ಲ.”

“ಯಾವ ಕಂಪನಿನಮ್ಮ?”

ಹೆಸರು ಹೇಳಿದಳು. ನಮ್ಮ ನಾಲ್ಕು ತಾಲೂಕಿನ ಕಡಲೆಕಾಯಿ ಬೆಳೆಗಾರರು ಷೇರು ಹಾಕಿ ಕಟ್ಟಿದ ಎಣ್ಣೆ ಕಂಪನಿ ಅದು. ಷೇರು ಮಾರುಕಟ್ಟೆಗೆ ಬಂದದ್ದೇ ಅಲ್ಲ, ಹಾಗಾಗಿ ಮಾರುಕಟ್ಟೆಯ ಜಾಲತಾಣಗಳಲ್ಲಿ ಅದರ ಸುದ್ದಿಯೇ ಇರುವುದಿಲ್ಲ. ಮುಚ್ಚಿ ಕೆಲವು ವರ್ಷಗಳಾಗಿವೆ, ಆಫೀಸಿಗೆ ಬೀಗ, ಒಳಗಿನ ಜಗಳ ಕೋರ್ಟಿನಲ್ಲಿ.

“ಊರೆಲ್ಲಾ ಬಿಟ್ಟು ಇದನ್ನ್ಯಾಕೆ ಹಿಡ್ಕೊಂಡೆ ಕಣಮ್ಮ?” ಎಂದು ರೇಗಿದೆ.

“ನಮ್ಮ ಅಬ್ಬಾ ಈ ಕಂಪನಿಗೆ ಎಣ್ಣೆ ಡಬ್ಬ ಮಾಡ್ಕೊಡ್ತಿದ್ರು ಸರ್. ಅದು ಯಾಕೆ ಮುಚ್ತು ಅಂತ ಬರೀಬೇಕು ಅಂತಿತ್ತು.” ಆಮೇಲೆ ತಣ್ಣಗೆ ವಿಷಯದ ಹಾಳೆಯನ್ನು ಮುಂದಿಟ್ಟಳು. “ನೀವು ಲಭ್ಯವಿದೆ ಅಂತ ಸಹಿ ಹಾಕಿದ್ರಲ್ಲ ಸರ್, ಸಿಗುತ್ತೆ ಅಂದ್ಕೊಂಡೆ.”

ಹಸಿರು ಇಂಕಿನ ನನ್ನ ಸಹಿ. ನಾನು ಕುರ್ಚಿ ಎಳೆದು ಆಕೆಯನ್ನು ಕೂರಿಸಿದೆ.

ಕಂಪನಿ ಅಂದಮೇಲೆ ಪ್ರತಿ ವರ್ಷ ಸರ್ಕಾರದ ನೋಂದಣಿ ಇಲಾಖೆಗೆ ಲೆಕ್ಕ ಒಪ್ಪಿಸಲೇಬೇಕು. ಜಾಲತಾಣದಲ್ಲಿ ಶುಲ್ಕ ಕಟ್ಟಿದರೆ ಆ ಕಾಗದಗಳನ್ನು ಯಾರು ಬೇಕಾದರೂ ನೋಡಬಹುದು, ಆದರೆ ತೆರೆದ ಕೆಲವೇ ಗಂಟೆಗಳಲ್ಲಿ ಬಾಗಿಲು ಮುಚ್ಚಿಕೊಳ್ಳುತ್ತದೆ. ಶುಲ್ಕ ಕಟ್ಟಿ ತೆರೆದೆವು. ನಾಲ್ಕನೇ ಫೈಲು ಇಳಿಯುತ್ತಿರುವಾಗ ಕರೆಂಟು ಹೋಯಿತು. ಯುಪಿಎಸ್ ಕುಂಯ್ ಕುಂಯ್ ಎಂದು ಅಳತೊಡಗಿತು. ಕರೆಂಟಿನವರಿಗೆ ಫೋನ್ ಮಾಡಿ ಬಾಯಿಗೆ ಬಂದದ್ದು ಬೈದೆ. ಅತ್ತ ಆಕೆ ತನ್ನ ಮೊಬೈಲಿನಿಂದ ನನ್ನ ಲ್ಯಾಪ್‌ಟಾಪಿಗೆ ಇಂಟರ್ನೆಟ್ ಕೊಟ್ಟು, ಸಾಲದ್ದಕ್ಕೆ ಪರದೆ ಮೇಲಿನ ಅಂಕಿಗಳನ್ನು ಕೈಯಲ್ಲೂ ಬರೆದುಕೊಳ್ಳುತ್ತಿದ್ದಳು. ನನ್ನ ಬೈಗುಳಕ್ಕಿಂತ ಆಕೆಯ ಪೆನ್ನೇ ಹೆಚ್ಚು ಕೆಲಸ ಮಾಡಿತು.

ಅವಧಿ ಮುಗಿಯುವ ಹೊತ್ತಿಗೆ ನಾಲ್ಕನೇ ವರ್ಷದಿಂದ ಹತ್ತನೇ ವರ್ಷದವರೆಗಿನ ಲೆಕ್ಕ ಕೈಗೆ ಬಂದಿತ್ತು. ಮೊದಲ ಮತ್ತು ಮೂರನೇ ವರ್ಷದ್ದು ಜಾಲತಾಣದಲ್ಲೇ ಇರಲಿಲ್ಲ. ಎರಡನೇ ವರ್ಷದ ಫೈಲಿಗೆ ಬ್ಯಾಲೆನ್ಸ್ ಶೀಟ್ ಎಂದು ಹೆಸರಿತ್ತು, ತೆರೆದರೆ ಆಡಿಟರ್ ನೇಮಕದ ಪತ್ರ. ಯಾರೋ ಪುಣ್ಯಾತ್ಮ ತಪ್ಪು ಕಾಗದ ಏರಿಸಿ ಕೈತೊಳೆದುಕೊಂಡಿದ್ದ.

“ಮೂರು ವರ್ಷ ಇಲ್ಲ ಸರ್” ಎಂದಳು.

“ಗಾಬರಿಯಾಗ್ಬೇಡ, ಇಲ್ನೋಡು” ಎಂದು ನಾಲ್ಕನೇ ವರ್ಷದ ಹಾಳೆ ತೋರಿಸಿದೆ. ಬ್ಯಾಲೆನ್ಸ್ ಶೀಟಿನಲ್ಲಿ ಈ ವರ್ಷದ ಅಂಕಿಯ ಪಕ್ಕದ ಕಾಲಂನಲ್ಲಿ ಹಿಂದಿನ ವರ್ಷದ ಅಂಕಿಯೂ ಇರುತ್ತದೆ. ಅಂದರೆ ಮೂರನೇ ವರ್ಷ ಸಿಕ್ಕಂತಾಯಿತು. ಇನ್ನು ಎರಡನೇ ವರ್ಷದ ವರದಿ ಒಂದು ಸಿಕ್ಕರೆ ಅದರ ಪಕ್ಕದ ಕಾಲಂನಲ್ಲಿ ಮೊದಲನೆಯದೂ ಸಿಗುತ್ತದೆ. ಬೇಕಾದದ್ದು ಒಂದೇ ಒಂದು ಪುಸ್ತಕ. ವಾರ್ಷಿಕ ವರದಿಯನ್ನು ಕಂಪನಿ ಪ್ರತಿಯೊಬ್ಬ ಷೇರುದಾರನ ಮನೆಗೂ ಅಂಚೆಯಲ್ಲಿ ಕಳಿಸುತ್ತಿತ್ತು. ನಮ್ಮ ಸೀಮೆಯಲ್ಲಿ ಷೇರುದಾರರಿಗೇನು ಬರ?

ಶುಕ್ರವಾರ ಆಕೆ ಶಾಲೆಗೆ ರಜ ಹಾಕಿ ಬಂದಳು. ಇಬ್ಬರೂ ಪುರವರಕ್ಕೆ ನಮ್ಮ ದೊಡ್ಡಮ್ಮನ ಮನೆಗೆ ಹೋದೆವು. ದೊಡ್ಡಪ್ಪನ ಹೆಸರಿನಲ್ಲಿ ಷೇರಿದ್ದದ್ದು ನನಗೆ ಗೊತ್ತಿತ್ತು. ದೊಡ್ಡಮ್ಮ ಟ್ರಂಕಿನ ತಳದಿಂದ ವರದಿಗಳ ಕಟ್ಟು ತೆಗೆದರು. ಮೇಲಿಂದ ಮೂರನೆಯದೇ ನಮಗೆ ಬೇಕಾದ ವರ್ಷದ್ದು. ನನಗೆ ಕುಣಿಯುವಷ್ಟು ಖುಷಿ. ಲಾಭ-ನಷ್ಟದ ಪುಟ ನೆಟ್ಟಗಿತ್ತು. ಕೊನೆಯ ಹಾಳೆಯಲ್ಲಿ ಬ್ಯಾಲೆನ್ಸ್ ಶೀಟ್. ಅದರ ಕೆಳಗಿನ ಅರ್ಧ ಇರಲಿಲ್ಲ. ನೇರವಾಗಿ, ಗೆರೆ ಹಿಡಿದು ಹರಿದಿದ್ದರು.

“ಇದ್ಯಾಕೆ ದೊಡ್ಡಮ್ಮ ಅರ್ಧ ಹಾಳೆ ಇಲ್ಲ?”

“ಅದಾ? ಮೀಟಿಂಗ್‌ನಾಗೆ ಹರ್ಕೊಂಬುಟ್ರು ಕಣ್ಲಾ. ಆ ಚೀಟಿ ಕೊಟ್ರೇನೆ ಎಣ್ಣೆ ಪಾಕೀಟು ಕೊಡ್ತಿದ್ದಿದ್ದು.”

ಆಗ ನೆನಪಾಯಿತು. ವರ್ಷದ ಮಹಾಸಭೆಗೆ ಜನ ಬರಲಿ ಎಂದು ಕಂಪನಿ ಅರ್ಧ ಲೀಟರ್ ಎಣ್ಣೆ ಕೊಡುತ್ತಿತ್ತು. ವರದಿಯ ಕೊನೆಯಲ್ಲಿ ಚುಕ್ಕಿಗೆರೆ ಹಾಕಿದ ಹಾಜರಾತಿ ಚೀಟಿ, ಅದಕ್ಕೆ ಸಹಿ ಮಾಡಿ, ಹರಿದು ಬಾಗಿಲಲ್ಲಿ ಕೊಟ್ಟರೆ ಕೈಗೆ ಪಾಕೀಟು. ಕಾಗದ ಉಳಿಸುವ ಜಾಣತನದಲ್ಲಿ ಆ ಚೀಟಿಯನ್ನು ಬ್ಯಾಲೆನ್ಸ್ ಶೀಟಿನ ಬೆನ್ನಿಗೇ ಅಚ್ಚು ಹಾಕಿಸಿದ್ದರು. ಮೇಲಿನ ಅರ್ಧದಲ್ಲಿ ಬಂಡವಾಳ, ಸಾಲ, ಅವುಗಳ ಮೊತ್ತ ಉಳಿದಿತ್ತು. ಕೆಳಗಿನ ಅರ್ಧದಲ್ಲಿದ್ದ ಆಸ್ತಿ, ದಾಸ್ತಾನು, ನಗದು ಎಲ್ಲ ಎಣ್ಣೆಯ ಜೊತೆ ಹೋಗಿತ್ತು. ಆ ಅರ್ಧವಿಲ್ಲದೆ, ಆಸ್ತಿಗೆ ಸಾಲವೆಷ್ಟು ಎಂಬಂಥ ಒಂದು ಅನುಪಾತವೂ ಈಕೆಯ ಪ್ರಾಜೆಕ್ಟಿಗೆ ಸಿಗುವುದಿಲ್ಲ.

“ಅಯ್ಯೋ, ಆ ಎಣ್ಣೆ ಎಷ್ಟು ಘಮ ಅಂತಿತ್ತು ಗೊತ್ತಾ!” ಎಂದರು ದೊಡ್ಡಮ್ಮ. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಶನಿವಾರ ನಿಡುಗಲ್. ಪಾವಗಡದಲ್ಲಿ ಬಸ್ಸಿಳಿದು ಆಟೋ ಹಿಡಿದೆವು. ಬೆಟ್ಟದ ಬುಡದ ಆ ಊರಿನ ಒಬ್ಬ ಹಿರಿಯ ಷೇರುದಾರರು ಪ್ರತಿ ಕಾಗದವನ್ನೂ ಜೋಪಾನ ಮಾಡುವವರು ಎಂದು ಯಾರೋ ಹೇಳಿದ್ದರು. ಹೇಳಿದ್ದು ಸುಳ್ಳಲ್ಲ. ಹತ್ತೂ ವರ್ಷದ ವರದಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ವರ್ಷವಾರು ಕಟ್ಟಿಟ್ಟಿದ್ದರು. “ಅನ್ನೀ ಉಂಡಾಯಿ ಸಾಮಿ, ಒಂದೂ ಕಳ್ದಿಲ್ಲ” ಎಂದು ತೆಲುಗು ಬೆರೆಸಿದ ಕನ್ನಡದಲ್ಲಿ ಹೇಳುತ್ತ ಹೆಮ್ಮೆಯಿಂದ ಬಿಚ್ಚಿದರು. ಹತ್ತಕ್ಕೆ ಹತ್ತೂ ಅದೇ ಗೆರೆಯಲ್ಲಿ ಹರಿದಿದ್ದವು.

“ನೀವೂ ಹೋಗಿದ್ರಾ ಯಜಮಾನ್ರೇ ಎಣ್ಣೆಗೆ?”

“ನೂನೆ ಊರಕೆ ಇಸ್ತೇ ಎವರು ವದ್ದಂಟಾರು? ಪುಕ್ಕಟೆ ಎಣ್ಣೆ ಯಾರು ಬ್ಯಾಡ ಅಂತಾರೆ ಸಾಮಿ!”

“ಈ ಸುತ್ತಿನಲ್ಲಿ ಮೀಟಿಂಗ್‌ಗೆ ಹೋಗದೇ ಇದ್ದೋರು ಒಬ್ರೂ ಇಲ್ವಾ?”

ಅವರು ನಕ್ಕುಬಿಟ್ಟರು. “ಹೋಗ್ದೇ ಇದ್ದೋರಾ? ಸತ್ತೋರೂ ಬಂದು ಎಣ್ಣೆ ತಗೊಂಡೋಗೋರು ಸಾಮಿ. ಮಗ ಬಂದು ಅಪ್ಪನ ಸೈನು ಹಾಕೋನು.”

ಪಾವಗಡದ ಬಸ್ ನಿಲ್ದಾಣದಲ್ಲಿ ಮಧುಗಿರಿ ಬಸ್ಸಿಗೆ ಕಾಯುತ್ತ ಕಲ್ಲುಬೆಂಚಿನ ಮೇಲೆ ಕೂತೆವು. ಬಿಸಿಲು ನೆತ್ತಿಯ ಮೇಲೆ. ಉಳಿದದ್ದು ಎರಡು ದಿನ. ಟೈಪು, ಪ್ರಿಂಟು, ಬೈಂಡಿಂಗ್ ಎಲ್ಲ ಆಗಬೇಕು. ನನಗೆ ಕಂಪನಿಯ ಮೇಲೆ, ಅಚ್ಚು ಹಾಕಿದವನ ಮೇಲೆ, ದೊಡ್ಡಮ್ಮನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಹಸಿರು ಇಂಕಿನ ಮೇಲೆ ಸಿಟ್ಟು ಬಂದಿತ್ತು. ಆ ಸಿಟ್ಟಿನಲ್ಲೇ ಬಾಯಿಬಿಟ್ಟೆ.

“ಒಂದು ಕೆಲ್ಸ ಮಾಡಮ್ಮ. ಒಟ್ಟು ಮೊತ್ತ ಗೊತ್ತಲ್ಲ. ಮುಂದಿನ ವರ್ಷಗಳ ದಾಸ್ತಾನು ಎಷ್ಟು, ನಗದು ಎಷ್ಟು ಅಂತ ಸರಾಸರಿ ತೆಗ್ದು ಈ ಎರಡು ವರ್ಷಕ್ಕೂ ಹಂಚ್ಬುಡು. ಮೊತ್ತ ಕೂಡುತ್ತೆ. ಯಾರು ಬಂದು ನೋಡ್ತಾರೆ?”

ಆಕೆ ಅಂಕಿ ಬರೆದುಕೊಂಡಿದ್ದ ಹಾಳೆ ತೆಗೆದು ಆ ಎರಡು ಖಾಲಿ ವರ್ಷಗಳ ಮೇಲೆ ಬೆರಳಾಡಿಸಿದಳು. ಒಪ್ಪಿಕೊಂಡಳು ಎಂದುಕೊಂಡೆ.

“ಬೇಡ ಸರ್” ಎಂದಳು. “ಡಬ್ಬಕ್ಕೆ ಬೆಸುಗೆ ಹಾಕಿದ್ಮೇಲೆ ಅಬ್ಬಾ ನೀರು ತುಂಬ್ಸಿ ಒಂದು ದಿನ ಇಡೋರು. ಸೋರಿದ್ರೆ ಒಡ್ದು ಹಾಕೋರು. ಮೇಲೆ ಬಣ್ಣ ಬಳಿದ್ರೆ ಯಾರ್ಗೂ ಗೊತ್ತಾಗಲ್ಲ ಅಬ್ಬಾ ಅಂತ ನಾನೇ ಒಂದ್ಸಲ ಅಂದಿದ್ದೆ. ಎರಡು ದಿನ ನನ್ನ ಹತ್ರ ಮಾತಾಡಿರ್ಲಿಲ್ಲ.”

“ಸರಿ ಹಂಗಾದ್ರೆ, ಡಿಗ್ರಿ ಬಿಡ್ತೀಯಾ?” ಎಂದು ಗದರಿದೆ. ಕೇಳಬಾರದಿತ್ತು. ಆಕೆಯ ಕಣ್ಣು ತುಂಬಿತು. ದುಪಟ್ಟಾದ ಅಂಚಿನಿಂದ ಒರೆಸಿಕೊಂಡು ರಸ್ತೆಯ ಕಡೆ ನೋಡುತ್ತ ಕೂತಳು. ನಾನು ಎದ್ದುಹೋಗಿ ಎರಡು ಮಜ್ಜಿಗೆ ಪ್ಯಾಕೆಟ್ ತಂದೆ, ಕ್ಷಮೆ ಕೇಳಲು ನನಗೆ ಬರುವುದಿಲ್ಲ.

ಪ್ಯಾಕೆಟ್ಟಿನ ಮೂಲೆಯನ್ನು ಹಲ್ಲಿನಿಂದ ಕಚ್ಚಿ ಹರಿದವಳು, ಆ ಹರಿದ ಚೂರನ್ನೇ ಬೆರಳಲ್ಲಿ ಹಿಡಿದು ನೋಡಿದಳು.

“ಸರ್, ಹರ್ಕೊಂಡಿರೋ ಚೀಟಿಗಳು ಏನಾದ್ವು?”

ಇಪ್ಪತ್ತೆಂಟು ವರ್ಷ ಕಾಗದಗಳ ನಡುವೆ ಬದುಕಿದವನು ನಾನು. ನನಗೆ ಹೊಳೆಯಲಿಲ್ಲ. ಎಷ್ಟು ಜನ ಬಂದಿದ್ದರು ಎಂಬುದಕ್ಕೆ ಆ ಚೀಟಿಗಳೇ ಸಾಕ್ಷಿ, ಕಂಪನಿ ಅವನ್ನು ಎಲ್ಲಾದರೂ ಇಟ್ಟಿರಲೇಬೇಕು. ನಿಡುಗಲ್ಲಿನ ಯಜಮಾನರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಸಭೆಯ ಬಾಗಿಲಲ್ಲಿ ಚೀಟಿ ಈಸಿಕೊಂಡು ಎಣ್ಣೆ ಕೊಡುತ್ತಿದ್ದವರು ಕಂಪನಿಯ ಗುಮಾಸ್ತರು, ಈಗ ಕೊರಟಗೆರೆ ಕಡೆ, ಸಿದ್ದರಬೆಟ್ಟಕ್ಕೆ ಹೋಗುವ ದಾರಿಯ ಹಳ್ಳಿಯಲ್ಲಿ ಇದ್ದಾರೆ ಎಂದರು.

ಭಾನುವಾರ ಒಂಬತ್ತಕ್ಕೆಲ್ಲ ಅವರ ಜಗುಲಿಯಲ್ಲಿದ್ದೆವು. ಬೆಟ್ಟ ಹತ್ತುವವರ ಬೈಕುಗಳು ಸಾಲಾಗಿ ಹೋಗುತ್ತಿದ್ದವು. ಗುಮಾಸ್ತರು ಎಪ್ಪತ್ತರ ಸಣಕಲು ಮನುಷ್ಯ. ಕಂಪನಿಯ ಹೆಸರೆತ್ತುತ್ತಲೇ ಮುಖ ಬಿಗಿಯಿತು.

“ಯಾವ ಲಾಯರ್ ಕಳ್ಸಿದ್ದು ನಿಮ್ಮನ್ನ?”

“ಲಾಯರೂ ಇಲ್ಲ ಗೀಯರೂ ಇಲ್ಲ. ಕಾಲೇಜಿನೋರು. ಹಳೇ ಹಾಜರಾತಿ ಚೀಟಿ ನೋಡ್ಬೇಕಿತ್ತು.”

“ನನ್ನತ್ರ ಏನೂ ಇಲ್ಲ. ಹೋಗ್ರಿ.”

ಅವರು ‘ಇಲ್ಲ’ ಎನ್ನುವಾಗ ಕಣ್ಣು ಅಟ್ಟದ ಕಡೆ ಹೋದದ್ದನ್ನು ನಾನು ನೋಡಿದೆ. ಸುಮ್ಮನಿರಬೇಕಿತ್ತು. “ಅಟ್ಟದ ಮೇಲೆ ಇಟ್ಕೊಂಡು ಇಲ್ಲ ಅಂತೀರಲ್ರೀ, ಒಂದು ಹೆಣ್ಣುಮಗಳ ಜೀವನದ ಪ್ರಶ್ನೆ!” ಎಂದು ಕೂಗಾಡಿಬಿಟ್ಟೆ. ಬಾಗಿಲು ಮುಖಕ್ಕೆ ಮುಚ್ಚಿತು. ಒಳಗಿನಿಂದ ಚಿಲಕ ಬಿದ್ದ ಸದ್ದು. ನನ್ನ ಬಾಯಿಗಿಷ್ಟು!

ಆಕೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಕಿಟಕಿಯ ಹತ್ತಿರ ಹೋಗಿ ಮೆಲ್ಲಗೆ ಮಾತಾಡತೊಡಗಿದಳು.

“ಚಾಚಾ, ನಮ್ಗೆ ಹೆಸರು ಬೇಡ. ಯಾರು ಬಂದ್ರು, ಯಾರ ಸೈನು ಯಾರು ಹಾಕಿದ್ರು, ಅದ್ಯಾವ್ದೂ ಬೇಡ. ಚೀಟಿ ಹಿಂದ್ಗಡೆ ಅಂಕಿ ಅಚ್ಚಾಗಿದೆ, ಅಷ್ಟೇ ಸಾಕು. ನೀವೇ ಬೋರಲು ಹಾಕಿ ಹಿಡ್ಕೊಳ್ಳಿ. ನಾವು ಮುಟ್ಟೋದೂ ಇಲ್ಲ.”

ಬಾಗಿಲು ತೆರೆಯಲಿಲ್ಲ. ಆಕೆ ಜಗುಲಿಯ ಮೇಲೆ ಕೂತಳು. ನಾನು ರಸ್ತೆಬದಿಯಲ್ಲಿ ನಿಂತೆ. ಹತ್ತೂವರೆ ಆಯಿತು. ಹನ್ನೊಂದಾಯಿತು. ಮೂರು ಸಲ ಹೊರಡೋಣ ಎಂದೆ, ಮೂರು ಸಲವೂ ತಲೆ ಅಲ್ಲಾಡಿಸಿದಳು. ಹನ್ನೊಂದೂವರೆಗೆ ಚಿಲಕ ತೆಗೆಯಿತು.

“ಆಯಪ್ಪ ಹೊರ್ಗೇ ಇರ್ಲಿ” ಎಂದರು ಗುಮಾಸ್ತರು ನನ್ನ ಕಡೆ ಗದ್ದ ಎತ್ತಿ.

“ಲೆಕ್ಕ ಅವ್ರಿಗೇ ಗೊತ್ತಾಗೋದು ಚಾಚಾ, ಬಾಯಿ ತೆಗೆಯಲ್ಲ” ಎಂದು ಆಕೆ ನನ್ನ ಪರವಾಗಿ ಮಾತು ಕೊಟ್ಟಳು.

ಒಂದು ಸಲ ಯಾರೋ ಸದಸ್ಯರು ಸಭೆಯಲ್ಲಿ ಕೋರಂ ಇರಲಿಲ್ಲ, ನಿಯಮದಷ್ಟು ಜನ ಬಂದಿರಲಿಲ್ಲ ಎಂದು ದಾವೆ ಹಾಕಿದ್ದರಂತೆ. ಅಂದಿನಿಂದ ಗುಮಾಸ್ತರಿಗೆ ಚೀಟಿಗಳನ್ನು ಬಿಸಾಡಲು ಹೆದರಿಕೆ. ಇಟ್ಟುಕೊಳ್ಳಲೂ ಹೆದರಿಕೆ, ಏಕೆಂದರೆ ಅದರಲ್ಲಿ ಸತ್ತವರ ಸಹಿಗಳಿವೆ, ಅದೆಲ್ಲ ಗೊತ್ತಿದ್ದೂ ಎಣ್ಣೆ ಕೊಟ್ಟವರು ಅವರೇ. “ಗಂಡ ಸತ್ತ ವರ್ಷಾನೇ ಹೆಂಡ್ರು ಚೀಟಿ ಹಿಡ್ಕೊಂಡು ಬಂದ್ರೆ, ಇಲ್ಲ ಅನ್ನಾಕಾಯ್ತದಾ?” ಎಂದು ನನ್ನನ್ನೇ ಕೇಳಿದರು. ಆಕೆ ಕೊಟ್ಟ ಮಾತಿನಂತೆ ನಾನು ಬಾಯಿ ತೆಗೆಯಲಿಲ್ಲ.

ವರ್ಷಕ್ಕೊಂದು ತಂತಿಗೆ ಪೋಣಿಸಿದ ಕಟ್ಟುಗಳು. ಯಾವ ವರ್ಷ ಬೇಕು ಎಂದರು. ಇಸವಿ ಹೇಳಿದೆ. ಒಂದು ಚೀಟಿ ಬಿಡಿಸಿ ಬೋರಲು ಹಾಕಿ, ಎರಡೂ ಹೆಬ್ಬೆರಳಿನಿಂದ ಒತ್ತಿ ಹಿಡಿದರು. ಪುರವರದಿಂದ ತಂದಿದ್ದ ಮೇಲಿನ ಅರ್ಧವನ್ನು ಆಕೆ ಅದರ ಪಕ್ಕಕ್ಕೆ ಸರಿಸಿದಳು. ಬ್ಯಾಲೆನ್ಸ್ ಶೀಟಿನ ನಿಯಮ ಒಂದೇ: ಮೇಲಿನ ಮೊತ್ತವೂ ಕೆಳಗಿನ ಮೊತ್ತವೂ ಒಂದು ರೂಪಾಯಿ ಆಚೀಚೆಯಿಲ್ಲದೆ ಸಮ ಬರಬೇಕು.

ಬರಲಿಲ್ಲ. ಹತ್ತಿರವೂ ಇರಲಿಲ್ಲ.

ಇನ್ನೊಂದು ಚೀಟಿ ತೆಗೆಸಿದೆವು. ಅದೇ ಅಂಕಿ. ನಿಮ್ಮ ಕಟ್ಟೇ ಸರಿಯಿಲ್ಲ ಎನ್ನಲು ಬಾಯಿ ತೆರೆದವನು ತುಟಿ ಕಚ್ಚಿಕೊಂಡೆ. ಆಕೆ ಬಗ್ಗಿ ಎರಡೂ ತುಂಡುಗಳನ್ನು ಸಾಲುಸಾಲಾಗಿ ಓದುತ್ತಿದ್ದಳು.

“ಸರ್, ಈ ಮೊತ್ತ ನಮ್ಮ ಹಾಳೆಯ ಪಕ್ಕದ ಕಾಲಂಗೆ ಕೂಡುತ್ತೆ. ಹಿಂದಿನ ವರ್ಷದ ಕಾಲಂಗೆ.”

ನೋಡಿದೆ. ಕೂಡಿತ್ತು, ಕೊನೆಯ ಅಂಕಿಯವರೆಗೆ. ಆಗ ನನ್ನ ತಪ್ಪು ತಿಳಿಯಿತು. ಲೆಕ್ಕದ ವರ್ಷ ಏಪ್ರಿಲ್‌ನಲ್ಲಿ ಶುರುವಾಗಿ ಮುಂದಿನ ಇಸವಿಯ ಮಾರ್ಚ್‌ಗೆ ಮುಗಿಯುತ್ತದೆ. ಅದರ ಸಭೆ ನಡೆಯುವುದು ಆಮೇಲೆ, ಸೆಪ್ಟೆಂಬರಿನಲ್ಲಿ. ಗುಮಾಸ್ತರು ಕಟ್ಟಿನ ಮೇಲೆ ಬರೆದದ್ದು ಸಭೆಯ ಇಸವಿ, ನಾನು ಹೇಳಿದ್ದು ಲೆಕ್ಕ ಶುರುವಾದ ಇಸವಿ. ಕೈಯಲ್ಲಿದ್ದದ್ದು ಮೊದಲ ವರ್ಷದ ಚೀಟಿ. ಕೇಳದೆಯೇ ಮೊದಲ ವರ್ಷದ ಮೂಲ ಅಂಕಿ ಸಿಕ್ಕಿತ್ತು.

“ಮುಂದಿನ ಕಟ್ಟು, ಚಾಚಾ” ಎಂದಳು.

ಗುಮಾಸ್ತರು ಚೀಟಿಯನ್ನು ಬೋರಲು ಇಟ್ಟರು. ಅಂಚುಗಳನ್ನು ಬೇರೆ ಬೇರೆ ಕೈಗಳು ಹರಿದಿದ್ದವು, ಒಂದಕ್ಕೊಂದು ಹೊಂದುವಂತಿರಲಿಲ್ಲ. ಮೊತ್ತಗಳು ಮಾತ್ರ ಹೊಂದಿದವು. ಎರಡೂ ಕಾಲಂ. ಆಕೆ ಗಟ್ಟಿಯಾಗಿ ಓದಿದಳು, ನಾನು ಗಟ್ಟಿಯಾಗಿ ಓದಿದೆ, ಗುಮಾಸ್ತರೂ ಕನ್ನಡಕ ಏರಿಸಿ ಓದಿ, “ಇದೇ ಕಣಮ್ಮ, ಇದೇ!” ಎಂದರು. ಅಳುತ್ತಲೇ ಆಕೆ ಫೋಟೋ ತೆಗೆದಳು. ಫೋಟೋದಲ್ಲಿ ಗುಮಾಸ್ತರ ಎರಡು ಹೆಬ್ಬೆರಳುಗಳೂ ಬಂದವು.

ಸೋಮವಾರ ಮೂರು ಗಂಟೆ ಐವತ್ತು ನಿಮಿಷಕ್ಕೆ ಬೈಂಡಿಂಗಿನ ಅಂಟು ಹಸಿಯಿರುವಾಗಲೇ ಆಕೆ ಲೈಬ್ರರಿಗೆ ಓಡಿಬಂದಳು. ಗ್ರಂಥಾಲಯದ ಪ್ರಮಾಣಪತ್ರಕ್ಕೆ ಸಹಿ ಬೇಕಿತ್ತು. ಗೀಚಿದೆ. ಎಂಟು ನಿಮಿಷ ಉಳಿದಿರುವಾಗ ಪ್ರಾಜೆಕ್ಟ್ ಆಫೀಸು ಸೇರಿತು.

ಮೌಖಿಕ ಪರೀಕ್ಷೆ ನಮ್ಮ ರೀಡಿಂಗ್ ರೂಮಿನಲ್ಲೇ ನಡೆಯಿತು, ಹಾಗಾಗಿ ನಾನು ಕಪಾಟಿನ ಹಿಂದೆ ಪುಸ್ತಕ ಜೋಡಿಸುವ ನಾಟಕವಾಡಿದೆ. ಹೊರಗಿನಿಂದ ಬಂದ ಪರೀಕ್ಷಕರು ಪುಟ ತಿರುವುತ್ತ ಬಂದು ಒಂದು ಕಡೆ ಬೆರಳಿಟ್ಟರು. ಎರಡನೇ ವರ್ಷದ ದಾಸ್ತಾನು.

“ಇದೇನಮ್ಮ, ಮೊದಲನೇ ವರ್ಷಕ್ಕಿಂತ ಮೂರು ಪಟ್ಟು? ಆಮೇಲೆ ಮತ್ತೆ ಇಳಿದಿದೆ. ಈ ಅಂಕಿ ನೀವೇ ತುಂಬಿದ್ದಾ?”

ನಾನು ಹೇಳಿದ ಸರಾಸರಿ ಹಾಕಿದ್ದರೆ ಆ ಸಾಲು ನುಣ್ಣಗೆ ಜಾರಿಹೋಗುತ್ತಿತ್ತು, ಯಾರೂ ಬೆರಳಿಡುತ್ತಿರಲಿಲ್ಲ. ನಿಜವಾದ ಅಂಕಿಯೇ ಸುಳ್ಳಿನ ಹಾಗೆ ಕಾಣುತ್ತಿತ್ತು.

“ಇಲ್ಲ ಸರ್” ಎಂದಳು. “ಆ ವರ್ಷ ಬೆಲೆ ಏರುತ್ತೆ ಅಂತ ಕಾಯಿ ಖರೀದಿಸಿ ಗೋಡೌನ್ ತುಂಬಿಸಿಟ್ರು. ಏರ್ಲಿಲ್ಲ. ಮುಂದಿನ ವರ್ಷ ನಷ್ಟಕ್ಕೆ ಮಾರಿದ್ರು. ಕಂಪನಿ ಮುಳುಗೋಕೆ ಶುರುವಾಗಿದ್ದು ಅಲ್ಲಿಂದ. ನನ್ನ ಪ್ರಾಜೆಕ್ಟ್ ಪೂರ್ತಿ ನಿಂತಿರೋದೇ ಆ ಅಂಕಿ ಮೇಲೆ.”

“ಆಧಾರ?”

ಆಕೆ ಅನುಬಂಧದ ಪುಟ ತೆರೆದಳು. ಪರೀಕ್ಷಕರು ಆ ಫೋಟೋವನ್ನು, ಎರಡು ಹೆಬ್ಬೆರಳುಗಳನ್ನು, ಕೆಳಗೆ ಬರೆದಿದ್ದ ‘ಮೂಲ: ಮಹಾಸಭೆಯ ಹಾಜರಾತಿ ಚೀಟಿಯ ಹಿಂಬದಿ’ ಎಂಬುದನ್ನು ನೋಡಿದರು. ಎರಡೂ ಮೊತ್ತಗಳನ್ನು ಪೆನ್ಸಿಲ್ಲಿನಿಂದ ತಾಳೆ ಹಾಕಿದರು. “ಕೂತ್ಕೊಳ್ಳಿ, ಇದು ಹೆಂಗೆ ಸಿಕ್ತು ಹೇಳಿ” ಎಂದರು. ಅಲ್ಲಿಯವರೆಗೆ ಆಕೆಯನ್ನು ನಿಲ್ಲಿಸಿಕೊಂಡೇ ಕೇಳುತ್ತಿದ್ದರು.

ಪಾಸಾದಳು. ಗುಮಾಸ್ತರಿಗೆ ಫೋನ್ ಮಾಡಿ ನಾನೇ ತಿಳಿಸಿದೆ. “ಅಂಗಾದ್ರೆ ಇನ್ನು ಸುಟ್ಟಾಕ್ಲಾ?” ಎಂದರು. ನಾನು ಬಾಯಿ ತೆರೆಯುವ ಮೊದಲೇ, “ಬ್ಯಾಡ ಬುಡಿ, ಇನ್ಯಾರಾದ್ರೂ ಬಂದಾರು” ಎಂದು ಅವರೇ ಉತ್ತರಿಸಿಕೊಂಡರು.

ಮುಂದಿನ ವಾರ ಲೈಬ್ರರಿಯ ಪ್ರತಿಗೆ ಮೊಹರು ಒತ್ತುವಾಗ ಮೊದಲ ಸಲ ಅದನ್ನು ಮೊದಲ ಪುಟದಿಂದ ಓದಿದೆ. ಕೃತಜ್ಞತೆಯ ಪುಟದಲ್ಲಿ ಹೀಗಿತ್ತು: ‘ಎಷ್ಟೇ ಕಷ್ಟವಾದರೂ ಊಹೆಯ ಅಂಕಿ ಬರೆಯಬಾರದೆಂದು ಕಲಿಸಿದ ನಮ್ಮ ಗ್ರಂಥಪಾಲಕರಿಗೆ.’

ತಕ್ಷಣ ಫೋನ್ ಮಾಡಿದೆ. “ಏನಮ್ಮ ಇದು, ಪಾವಗಡದಲ್ಲಿ ನಾನು ಹೇಳಿದ್ದೇನು, ನೀನು ಬರ್ದಿರೋದೇನು? ನಂಗ್ಯಾಕೆ ಮೊದ್ಲೇ ತೋರಿಸ್ಲಿಲ್ಲ?”

ಆಕೆ ನಕ್ಕಳು. “ತೋರಿಸಿದ್ನಲ್ಲ ಸರ್, ಸೋಮವಾರ. ಅದೇ ಪುಟದ ಹಿಂದ್ಗಡೆ ನೀವು ಸಹಿ ಹಾಕಿದ್ದೀರ, ನೋಡಿ.”

ಹಾಳೆ ತಿರುಗಿಸಿದೆ. ಹಸಿರು ಇಂಕು. ಆ ಪ್ರತಿ ಈಗಲೂ ನಮ್ಮ ಕಪಾಟಿನಲ್ಲಿದೆ, ಯಾರು ಬೇಕಾದರೂ ತೆಗೆದು ನೋಡಬಹುದು. ಹತ್ತು ವರ್ಷದ ಅಷ್ಟೂ ಅಂಕಿಗಳನ್ನು ನಾನು ಕೂತು ತಾಳೆ ನೋಡಿದ್ದೇನೆ. ಅದರಲ್ಲಿ ನಿಜವಲ್ಲದ್ದು ನನ್ನ ಬಗ್ಗೆ ಬರೆದ ಆ ಒಂದು ಸಾಲು ಮಾತ್ರ.